ಹೋಲ್ಡ್ರಾಯ್ಡ್‌ನ ಹೆಂಗಸರು ಒಪ್ಪಿದರು

ಮತ್ತೆ ಅದೇ ಕೈ, ಉತ್ತರಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬಿಡಿಸಿದ ಎಡಗೈ, ಐದು ಬೆರಳು, ಹೆಬ್ಬೆರಳಿಗೆ ಉಗುರು ಕೂಡ ಇದೆ, ಬಿಡಿಸಿದ್ದು ಹುಡುಗಿಯೋ ಹುಡುಗನೋ ಗೊತ್ತಾಗುವುದಿಲ್ಲ, ಹೆಸರಿಲ್ಲ, ನಂಬರು ಮಾತ್ರ, ಬೆಳಗಿನಿಂದ ಇದು ಹದಿನಾರನೆಯದು, ಎಣಿಸಬಾರದು ಅಂದುಕೊಂಡೇ ಲೊರೇನ್ ಎಣಿಸುತ್ತಿದ್ದಾಳೆ, ಹದಿನಾರು ಅಂಗೈಗಳು ಕಂಪ್ಯೂಟರಿನ ಪರದೆಯೊಳಗಿಂದ ಅವಳ ಅಡುಗೆಮನೆಯ ಮೇಜಿನತ್ತ ಚಾಚಿ ಕೂತಿವೆ, ಕೊಡು ಕೊಡು ಅನ್ನುತ್ತಿವೆ, ಇಪ್ಪತ್ತಕ್ಕೆ ಎಷ್ಟು ಕೊಡುತ್ತೀಯೋ ಕೊಡು ತಾಯಿ. ಪಾಪ ಇವರದೇನು ತಪ್ಪು, ಕೈ ಬಿಡಿಸಿ ಅಂತ ಹೇಳಿಕೊಟ್ಟವಳೇ ತಾನು — ಇಲ್ಲಿ ಕೀತ್ಲಿಯ ಶಾಲೆಯಲ್ಲಿ, ಒಂಬತ್ತು ವರ್ಷದ ಹಿಂದೆ, ವ್ಯವಹಾರ ಅಧ್ಯಯನ ಅಂದರೆ ತೂಕಡಿಸುತ್ತಿದ್ದ ಹನ್ನೆರಡನೆಯ ತರಗತಿಯ ಮುಂದೆ ನಿಂತು, ನೋಡಿ ಮಕ್ಕಳೇ, ಪ್ರಬಂಧದ ಉತ್ತರ ಅಂದ್ರೆ ಒಂದು ಕೈ, ಅಷ್ಟೇ, ಹೆಬ್ಬೆರಳು ಅಂದ್ರೆ ಉತ್ತರ, ಮೊದಲೇ ಹೇಳ್ಬಿಡಿ, ತೋರುಬೆರಳು ಕಾರಣ, ನಡುಬೆರಳು ಎಲ್ಲಕ್ಕಿಂತ ಉದ್ದ, ಅದ್ರಿಂದ ಏನಾಯ್ತು, ಅದ್ರಿಂದ ಮತ್ತೇನಾಯ್ತು, ಮೂರು ಸಲ ಎಳೀರಿ, ಉಂಗುರಬೆರಳು ಅಂದ್ರೆ ಆದರೆ, ಕಿರುಬೆರಳು ತೀರ್ಪು, ಎಲ್ಲಾ ಸಂದರ್ಭವನ್ನು ಅವಲಂಬಿಸಿದೆ ಅಂತ ಬರೀರಿ, ಯಾವ ಸಂದರ್ಭ ಅಂತಾನೂ ಬರೀರಿ, ಸುಮ್ನೆ ಅವಲಂಬಿಸಿದೆ ಅಂತ ಬಿಟ್ಟೋದ್ರೆ ಅಂಕ ಇಲ್ಲ, ಮತ್ತೆ ಅಂಗೈ, ಅಂಗೈ ಇಲ್ದೆ ಬೆರಳು ನಿಲ್ಲತ್ತಾ, ಅಂಗೈ ಅಂದ್ರೆ ಒಂದು ನಿಜವಾದ ಕಂಪನಿಯ ಉದಾಹರಣೆ. ಹಿಂದಿನ ಬೆಂಚಿನಿಂದ ಒಬ್ಬ, ಮಿಸ್, ನಡುಬೆರಳೊಂದೇ ತೋರಿಸಿದ್ರೆ ಎಷ್ಟು ಅಂಕ, ತರಗತಿಯೆಲ್ಲ ನಗು, ಅವಳೂ ನಕ್ಕಿದ್ದಳು, ನಿಂಗೆ ಹೊರಗೆ ನಿಲ್ಲೋ ಅಂಕ ಕಣಪ್ಪ ಅಂದಿದ್ದಳು, ಆ ವರ್ಷ ಇಪ್ಪತ್ತಾರರಲ್ಲಿ ಇಪ್ಪತ್ತೆರಡು ಮಕ್ಕಳು ಒಳ್ಳೆಯ ದರ್ಜೆ ತೆಗೆದಿದ್ದರು, ಹೆಡ್‌ಮಾಸ್ಟರು ಒಂದು ಹೂಕುಂಡ ಕೊಟ್ಟಿದ್ದರು.

ಆ ಕೈಯ ಒಂದು ಪುಟ ಶಾಲೆಯಿಂದ ಶಾಲೆಗೆ ಹೋಯಿತು, ಯಾರೋ ಅಂತರ್ಜಾಲಕ್ಕೆ ಹಾಕಿದರು, ಇನ್ಯಾರೋ ಅದಕ್ಕೆ ಬಣ್ಣ ತುಂಬಿದರು, ಅವಳ ಹೆಸರು ದಾರಿಯಲ್ಲೆಲ್ಲೋ ಉದುರಿಹೋಯಿತು, ಒಳ್ಳೆಯದೇ ಆಯಿತು, ಈಗ ದೇಶಕ್ಕೆ ದೇಶವೇ ಕೈ ಬಿಡಿಸುತ್ತದೆ, ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ವ್ಯಾಯಾಮಶಾಲೆಗಳಲ್ಲಿ ಪರೀಕ್ಷೆಗೆಂದು ಸಾಲುಸಾಲು ಮೇಜು ಹಾಕಿಸಿಕೊಂಡು, ಬೆವರಿದ ಬೂಟುಗಳ ನಾತದಲ್ಲಿ ಕೂತು, ಸಾವಿರಾರು ಮಕ್ಕಳು ಪೆನ್ನು ಹಿಡಿಯುವ ಮೊದಲು ತಮ್ಮ ಎಡಗೈಯನ್ನೇ ದಿಟ್ಟಿಸುತ್ತಾರೆ. ಅದೆಲ್ಲ ಹಾಳಾಗಲಿ, ಕೈ ಇದ್ದುಕೊಳ್ಳಲಿ, ಆದರೆ ಅಂಗೈ — ಅಂಗೈಯಲ್ಲಿರುವುದನ್ನು ಲೊರೇನ್ ಮತ್ತೆ ಮೊದಲಿನಿಂದ ಓದುತ್ತಾಳೆ. ಪ್ರಶ್ನೆ ಇಷ್ಟೇ, ಡೇರೆ ಹೊಲಿಯುವ ಒಂದು ಕಂಪನಿ ನಷ್ಟದಲ್ಲಿದೆ, ಸಂಬಳ ಇಳಿಸುವುದೇ ಅದಕ್ಕೆ ಅತ್ಯುತ್ತಮ ದಾರಿಯೇ, ವಿಮರ್ಶಿಸಿ, ಇಪ್ಪತ್ತು ಅಂಕ. ಮತ್ತು ಹದಿನಾರರಲ್ಲಿ ಹದಿಮೂರು ಮಕ್ಕಳು ಬರೆದಿದ್ದಾರೆ, ಉದಾಹರಣೆಗೆ ಯಾರ್ಕ್‌ಷೈರಿನ ಹೋಲ್ಡ್ರಾಯ್ಡ್ ಎಂಬ ಅಂಗಿ ಗುಂಡಿಗಳ ಕಾರ್ಖಾನೆಯಲ್ಲಿ ಹೆಂಗಸರು ಸಂಬಳ ಕಡಿತಕ್ಕೆ ಸಂತೋಷದಿಂದ ಒಪ್ಪಿದರು, ಇದರಿಂದ ಕಾರ್ಖಾನೆ ನಮ್ಮದು ಎಂಬ ಭಾವನೆ ಬೆಳೆಯಿತು, ಇದರಿಂದ ಉತ್ಪಾದನೆ ಹೆಚ್ಚಿತು, ಇದರಿಂದ ಕಾರ್ಖಾನೆ ಉಳಿಯಿತು. ಮೂರು ಸಲ ಎಳೆದಿದ್ದಾರೆ. ಒಳ್ಳೆಯ ಮಕ್ಕಳು. ಒಂದು ಅಕ್ಷರವೂ ನಿಜವಲ್ಲ. ಆ ಪುಟ ಬರೆಯುವಾಗ ಶಿಕ್ಷಕರ ಕೊಠಡಿಯಲ್ಲಿ ಚಹಾಕ್ಕೆ ನೀರು ಕುದಿಯುತ್ತಿತ್ತು, ಗಂಟೆ ಹೊಡೆಯಲು ನಾಲ್ಕು ನಿಮಿಷ, ಅಂಗೈಗೆ ತುಂಬಲು ಏನಾದರೊಂದು ಬೇಕಿತ್ತು, ಹೋಲ್ಡ್ರಾಯ್ಡ್ ಅನ್ನುವ ಹೆಸರು ತಾನಾಗಿ ಬೆರಳಿಗೆ ಬಂತು, ಬರೆದಳು, ಸಂತೋಷದಿಂದ ಎನ್ನುವ ಪದವನ್ನು ಕೂಡ ಅವಳೇ ಬರೆದಳು, ಯಾಕೆಂದರೆ ಉತ್ತರದಲ್ಲಿ ಅದು ಚೆನ್ನಾಗಿ ಕೂರುತ್ತಿತ್ತು, ನಡುಬೆರಳಿಗೆ ಎಳೆಯಲು ಅನುಕೂಲವಾಗಿತ್ತು. ಆಮೇಲೆ ತಟ್ಟೆ, ತಟ್ಟೆಯ ಅಂಚು, ಕಂದು ಗ್ರೇವಿ, ಹಸಿರು ಬಟಾಣಿ, ಅಂಚಿನಲ್ಲಿ ಒಂದು ಬಿಳಿಯ ಗುಂಡಿ, ಒದ್ದೆ — ಬೇಡ, ಮುಂದಿನದು, ಮುಂದಿನ ಪತ್ರಿಕೆ ತೆಗೆ.

ಪಕ್ಕದ ಕೋಣೆಯಿಂದ ಟಿವಿಯಲ್ಲಿ ಕುದುರೆಗಳು ಓಡುವ ಸದ್ದು, ಅದರ ಮೇಲೆ ಅಮ್ಮನ ಬಾಯಲ್ಲಿ ಪೆಪ್ಪರ್‌ಮಿಂಟು ಕಟ್ಟುಹಲ್ಲಿಗೆ ತಾಗಿ ಟಿಕ್ ಟಿಕ್ ಎನ್ನುವ ಸದ್ದು, ಶನಿವಾರ ಮಧ್ಯಾಹ್ನ ಅಮ್ಮ ಬರುತ್ತಾಳೆ, ಐರೀನ್, ಎಂಬತ್ತೊಂದು ವರ್ಷ, ಎರಡು ಬೀದಿ ಆಚೆಯಿಂದ ತಾನೇ ನಡೆದು ಬಂದು, ಬಾಗಿಲಲ್ಲೇ ಕೋಟು ಬಿಚ್ಚುತ್ತಾ, ಏನೇ ಇದು, ಇನ್ನೂ ಮಕ್ಕಳ ಬರಹ ಮೂಸ್ತಾನೇ ಕೂತಿದ್ದೀಯಾ, ಬೆನ್ನು ಗೂನಾಗತ್ತೆ ನೋಡ್ಕೋ. ಗೂನಾಗಲಿ ಬಿಡಮ್ಮ. ಬಿಡ್ತೀನಿ, ನಿನ್ ಬೆನ್ನು. ಟಿಕ್ ಟಿಕ್. ಆ ಸದ್ದು ಲೊರೇನಳಿಗೆ ಹುಟ್ಟಿದಾಗಿನಿಂದ ಗೊತ್ತು, ಆಗ ಅದು ಪೆಪ್ಪರ್‌ಮಿಂಟಿನದಲ್ಲ, ಹೋಲ್ಡ್ರಾಯ್ಡ್‌ನಲ್ಲಿ ಅಮ್ಮ ಗುಂಡಿಗಳನ್ನು ಕಾರ್ಡಿಗೆ ಹೊಲಿಯುತ್ತಿದ್ದಳು, ಕಾರ್ಡಿಗೆ ಹನ್ನೆರಡು, ಹನ್ನೆರಡನ್ನೂ ಎಡಗೆನ್ನೆಯೊಳಗೆ ತುಂಬಿಕೊಳ್ಳುವುದು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳುವುದು, ತುಟಿಯಿಂದ ಬೆರಳಿಗೆ, ಬೆರಳಿನಿಂದ ಸೂಜಿಗೆ, ಡಬ್ಬಿಯಿಂದ ಎತ್ತಿಕೊಂಡು ಹೊಲಿಯುವವಳು ದಿನದ ಲೆಕ್ಕ ಮುಟ್ಟಿಸಲಾರಳು, ಅರವತ್ತು ಹೆಂಗಸರು ಹಾಗೆ ಕೆನ್ನೆ ಉಬ್ಬಿಸಿಕೊಂಡು ಉದ್ದದ ಬೆಂಚಿನಲ್ಲಿ, ಮಾತಿಲ್ಲದೆ, ಮಾತೆಲ್ಲ ಊಟದ ಹೊತ್ತಿಗೆ. ಒಮ್ಮೆ ಚರ್ಚಿನ ಬಾಗಿಲಲ್ಲಿ ಪಾದ್ರಿಯ ಕೋಟು ನೋಡಿ ಅಮ್ಮ, ಆ ಗುಂಡಿ ಹುಷಾರು ಪಾದ್ರಿಗಳೇ, ನನ್ನ ಎಂಜಲದು ಅಂದಳು, ಪಾದ್ರಿ ಕೆಂಪಾದ, ಲೊರೇನ್ ಕೂಡ ಕೆಂಪಾದಳು, ಅವಳಿಗೆ ಹದಿಮೂರು, ಶಾಲೆಯ ಅಂಗಿಯ ಗುಂಡಿಗಳನ್ನು ರಾತ್ರಿ ಸೋಪು ಹಾಕಿ ತಿಕ್ಕುತ್ತಿದ್ದಳು, ಊರಿನ ಎಲ್ಲ ಎದೆಗಳ ಮೇಲೂ ಅಮ್ಮನ ಎಂಜಲು ಅಂಟಿಕೊಂಡಂತೆ ಕಾಣುತ್ತಿತ್ತು, ಈಗ ನೋಡು, ಈಗ ಯಾವುದು ಎಲ್ಲೆಲ್ಲಿ ಅಂಟಿದೆ, ಪ್ಲಿಮತ್‌ನಿಂದ ನ್ಯೂಕಾಸಲ್‌ವರೆಗೆ ಎಲ್ಲ ಮಕ್ಕಳ ಬಾಯಲ್ಲೂ ಲೊರೇನಳದೇ ಎಂಜಲು. ಆ ವರ್ಷ ಶರತ್ಕಾಲದ ಒಂದು ಸಂಜೆ ಅಮ್ಮ ಮನೆಗೆ ಬಂದು ಒಂದು ಮಾತೂ ಆಡದೆ ಸಾಸೇಜು ಹುರಿದಳು, ಬಟಾಣಿ ಬೇಯಿಸಿದಳು, ಎಲ್ಲರಿಗೂ ಬಡಿಸಿ ಕೂತಳು, ಅಪ್ಪ ಕೇಳಿದ, ಏನಾಯ್ತೇ ಐರೀನ್, ಮೀಟಿಂಗ್ ಇತ್ತಂತಲ್ಲ. ಅಮ್ಮ ಎರಡು ಬೆರಳು ಬಾಯೊಳಗೆ ಹಾಕಿ ಕೆನ್ನೆಯ ಮೂಲೆಯಿಂದ ಒಂದು ಗುಂಡಿ ತೆಗೆದು ತಟ್ಟೆಯ ಅಂಚಿಗಿಟ್ಟಳು, ಜೊಲ್ಲಿನ ಒಂದು ಎಳೆ ತುಟಿಯಿಂದ ತಟ್ಟೆಯವರೆಗೆ, ನಾವು ಒಪ್ಪಿದ್ದೀವಂತೆ ಅಂದಳು. ಲೊರೇನ್ ಕುರ್ಚಿ ಹಿಂದಕ್ಕೆ ಸರಿಸಿದಳು. ಥೂ ಅಮ್ಮಾ, ಊಟದ ತಟ್ಟೇಲಿ. ಅಷ್ಟೇ ಅಂದದ್ದು ಅವಳು ಆವತ್ತು, ಇಷ್ಟು ವರ್ಷಕ್ಕೂ ಅಷ್ಟೇ.

ಕಾರ್ಖಾನೆಯ ಮಾಲೀಕ, ಚಿಕ್ಕ ಹೋಲ್ಡ್ರಾಯ್ಡ್, ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತಿದ್ದನಂತೆ, ಅಪ್ಪನಿಗೆ ಅಮ್ಮ ಹೇಳುತ್ತಿದ್ದದ್ದನ್ನು ಗೋಡೆಯಾಚೆಯಿಂದ ಕೇಳಿದ್ದು, ಕೆಲಸ ನಿಲ್ಲಿಸಬೇಡಿ ತಾಯಂದಿರೇ, ಎರಡೇ ನಿಮಿಷ, ಹತ್ತರಲ್ಲಿ ಒಂದು ಪಾಲು ಸಂಬಳ ಬಿಟ್ಟುಕೊಟ್ಟರೆ ಎಲ್ಲರ ಕೆಲಸ ಉಳಿಯತ್ತೆ, ಒಪ್ಪಿಗೆ ಇಲ್ಲದವರು ಈಗಲೇ ಹೇಳಿಬಿಡಿ. ಅರವತ್ತು ಬಾಯಿ, ಬಾಯಿಗೆ ಹನ್ನೆರಡು ಗುಂಡಿ. ತುಂಬಾ ಉಪಕಾರ ಆಯ್ತು ಅಂತ ಅವನು ಇಳಿದ, ಊರಿನ ವಾರಪತ್ರಿಕೆಯಲ್ಲಿ ಸುದ್ದಿ ಬಂತು, ಹೆಂಗಸರು ಒಮ್ಮತದಿಂದ ಒಪ್ಪಿದರು, ಈಸ್ಟರಿಗೆ ಮೊದಲೇ ಕಾರ್ಖಾನೆಗೆ ಬೀಗ ಬಿತ್ತು. ಒಮ್ಮತದಿಂದ — ಅದನ್ನೇ ಲೊರೇನ್ ಸಂತೋಷದಿಂದ ಅಂತ ಮಾಡಿದಳು, ಬೀಗದ ಮಾತನ್ನು ತೆಗೆದುಹಾಕಿದಳು, ಎರಡು ಸಣ್ಣ ತಿದ್ದುಪಡಿ. ಈಗ ಮಕ್ಕಳು ಅದಕ್ಕೆ ತಮ್ಮದನ್ನೂ ಸೇರಿಸುತ್ತಿದ್ದಾರೆ, ಒಬ್ಬರಲ್ಲಿ ಅರವತ್ತು ಹೆಂಗಸರು ನಾನೂರು ಆಗಿದ್ದಾರೆ, ಇನ್ನೊಬ್ಬರಲ್ಲಿ ಹೋಲ್ಡ್ರಾಯ್ಡ್ ಇವತ್ತಿಗೂ ಯಶಸ್ವಿಯಾಗಿ ನಡೆಯುತ್ತಿದೆ, ಬೆಳಿಗ್ಗೆ ಹತ್ತೂವರೆಗೆ ಬಂದ ಒಂದು ಪತ್ರಿಕೆಯಲ್ಲಂತೂ ಹೆಂಗಸರು ಮಾಲೀಕನಿಗೆ ಧನ್ಯವಾದ ಹೇಳಲು ಕೇಕ್ ಮಾಡಿಕೊಂಡು ಹೋಗಿದ್ದರು. ಕೇಕ್. ಅಲ್ಲಿ ಅವಳ ಕೈ ನಿಂತಿತು. ಎಷ್ಟು ಚೆಂದದ ಉತ್ತರ ಅದು, ಐದು ಬೆರಳೂ ನೆಟ್ಟಗೆ, ಆದಾಗ್ಯೂ ಅನ್ನಬೇಕಾದಲ್ಲಿ ಆದಾಗ್ಯೂ, ಡೇರೆ ಕಂಪನಿಯ ಅಂಕಿಗಳನ್ನೆಲ್ಲ ಎತ್ತಿ ಬಳಸಿಕೊಂಡ ಅಚ್ಚುಕಟ್ಟು, ಕೊನೆಗೆ, ಆದ್ದರಿಂದ ಸಂಬಳ ಕಡಿತವು ಉತ್ತಮ ದಾರಿಯೇ, ಆದರೆ ಅದು ಕಾರ್ಮಿಕರ ಮನೋಭಾವವನ್ನು ಅವಲಂಬಿಸಿದೆ. ತೊಳೆದು ಒರೆಸಿಟ್ಟ ಹೆಣದ ಹಾಗಿತ್ತು. ಕೇಕಿನ ಮೇಲೆ ಕ್ರೀಮು, ಕ್ರೀಮಿನಲ್ಲಿ ಗುಂಡಿ. ಅವಳು ಒಂಬತ್ತು ಕೊಟ್ಟಳು, ಹೇಸಿಗೆಯಿಂದ ಬಂದ ಒಂಬತ್ತು. ಕೊಟ್ಟ ಮರುಗಳಿಗೆಯೇ ಪರದೆ ಬೂದು ಬಣ್ಣಕ್ಕೆ ತಿರುಗಿತು. ಪರೀಕ್ಷಾ ಮಂಡಳಿಯ ಹಿರಿಯರು ಮೊದಲೇ ಅಂಕ ಹಾಕಿಟ್ಟ ಪತ್ರಿಕೆಗಳನ್ನು ಹೇಳದೆ ಕೇಳದೆ ನಡುನಡುವೆ ಸೇರಿಸಿರುತ್ತಾರೆ, ಮೌಲ್ಯಮಾಪಕರು ನೆಟ್ಟಗಿದ್ದಾರೋ ಇಲ್ಲವೋ ನೋಡಲು, ಎರಡು ಅಂಕ ಆಚೀಚೆಯಾದರೆ ಕ್ಷಮೆ ಉಂಟು, ಅದಕ್ಕಿಂತ ಹೆಚ್ಚಾದರೆ ಕೆಲಸ ನಿಲ್ಲುತ್ತದೆ, ಹದಿನಾಲ್ಕು ಜೂನ್ ತಿಂಗಳುಗಳಲ್ಲಿ ಅವಳಿಗೆ ಒಮ್ಮೆಯೂ ನಿಂತಿರಲಿಲ್ಲ. ಕೇಕಿನ ಪತ್ರಿಕೆಗೆ ಹಿರಿಯರು ಕೊಟ್ಟದ್ದು ಹದಿನೆಂಟು. ಮಧ್ಯಾಹ್ನ ತಂಡದ ಮುಖ್ಯಸ್ಥೆ ಫೋನ್ ಮಾಡಿ ಮಾತಾಡುವವರೆಗೆ ಹಳೆಯವನ್ನು ಓದಬಹುದು, ಹೊಸ ಅಂಕ ಹಾಕುವಂತಿಲ್ಲ ಅಂತ ಸೂಚನೆ, ಅದಕ್ಕೇ ಅವಳು ಬೆಳಗಿನ ಪತ್ರಿಕೆಗಳನ್ನೇ ಮತ್ತೆ ಮತ್ತೆ ತಿರುವಿ ಕೈಗಳನ್ನು ಎಣಿಸುತ್ತಿರುವುದು, ನಿಜ ಹೇಳಬೇಕೋ ಬಿಡಬೇಕೋ ಅಂತ.

ಹೇಳುವುದಾದರೆ ಹೀಗೆ ಹೇಳಬೇಕು, ಬೆಥನ್, ಆ ಉದಾಹರಣೆ ಸುಳ್ಳು, ಹುಟ್ಟಿಸಿದವಳು ನಾನು. ಬೆಥನ್ ಪ್ರೊಬರ್ಟ್ ತಂಡದ ಮುಖ್ಯಸ್ಥೆ, ಮೂವತ್ಮೂರು ವರ್ಷದ ವೇಲ್ಸ್ ಹುಡುಗಿ, ಕಾರ್ಡಿಫ್‌ನಿಂದ ಫೋನ್ ಮಾಡುತ್ತಾಳೆ, ಮಾಡುತ್ತಿದ್ದಾಳೆ, ಮೇಜಿನ ಮೇಲೆ ಫೋನ್ ನಡುಗುತ್ತಿದೆ, ಲೊರೇನ್ ಸ್ಪೀಕರಿಗೆ ಹಾಕುತ್ತಾಳೆ, ಎರಡೂ ಕೈ ಕೀಬೋರ್ಡಿನ ಮೇಲೆ ಇರಬೇಕಲ್ಲ. ಲೊರೇನ್ ಅವ್ರೇ, ಏನಿದು, ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ನಾನು, ನೀವೇ ಹಿರಿಯರು, ನಿಮಗೆ ನಾನು ಹೇಳೋದಾ. ಹೇಳು ಬೆಥನ್. ಒಂಬತ್ತು ಯಾಕೆ ಕೊಟ್ರಿ. ಅದು, ಆ ಉದಾಹರಣೆ, ಅದು ನಂಬೋ ಹಾಗಿರಲಿಲ್ಲ. ಯಾವುದು, ಹೋಲ್ಡ್ರಾಯ್ಡಾ, ಅಯ್ಯೋ ಅದು ನಿಮ್ಮ ಕಡೇದೇ ಅಲ್ವಾ, ಮಾರ್ಚ್ ಸಭೇಲಿ ಮಾತಾಡಿದ್ವಲ್ಲ, ನಿಜವಾದ ಉದಾಹರಣೆ ಅಂತ ಅಂಕ ಕೊಡೋ ಸೂಚಿಯಲ್ಲೇ ಸೇರಿಸಿದ್ವಿ, ನೀವೂ ತಲೆ ಆಡಿಸಿದ್ರಿ. ಆಡಿಸಿದ್ದಳು, ಹೌದು, ಇಪ್ಪತ್ತು ಜನ ತಲೆ ಆಡಿಸಿದರು, ಒಬ್ಬ ಮುದುಕ ಹೋಲ್ಡ್ರಾಯ್ಡ್ ಬಹಳ ಪ್ರಸಿದ್ಧ ಅಂದ, ಮಕ್ಕಳು ಬರೆದದ್ದನ್ನು ಹುಡುಕಾಡುತ್ತಾ ಕೂರಬಾರದು, ಅನುಮಾನದ ಲಾಭ ಮಗುವಿಗೇ ಕೊಡಬೇಕು ಅನ್ನುವುದು ಪದ್ಧತಿ, ಹಾಗಾಗಿ ಯಾರೂ ಹುಡುಕಲಿಲ್ಲ, ಬಿಸ್ಕತ್ತಿನ ತಟ್ಟೆ ಅವಳ ಮುಂದೆ ಬಂದಿತ್ತು, ಅವಳು ಒಂದು ಬಿಸ್ಕತ್ತು ತೆಗೆದುಕೊಂಡಿದ್ದಳು. ಓದಿ ಹೇಳ್ತೀನಿ ಕೇಳಿ, ಬೆಥನಳ ಗಂಟಲು ಸರಿಪಡಿಸಿಕೊಳ್ಳುವ ಸದ್ದು, ಹೋಲ್ಡ್ರಾಯ್ಡ್ ಗುಂಡಿ ಕಾರ್ಖಾನೆಯ ಹೆಂಗಸರು ಸಂಬಳ ಕಡಿತಕ್ಕೆ ಸಂತೋಷದಿಂದ ಒಪ್ಪಿ, ಮಾಲೀಕರಿಗೆ ತಾವೇ ಕೈಯಾರೆ ಕೇಕ್ ಮಾಡಿ ಕೊಟ್ಟರು. ಟಿಕ್ ಎನ್ನುವುದು ನಿಂತುಹೋಯಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಾಳೆ, ಖಾಲಿ ಕಪ್ಪು ಹಿಡಿದುಕೊಂಡು, ಎಷ್ಟು ಹೊತ್ತಿನಿಂದ, ಕೆನ್ನೆಯಲ್ಲಿ ಪೆಪ್ಪರ್‌ಮಿಂಟು ಸಣ್ಣಗೆ ಉಬ್ಬಿದೆ. ಬೆಥನ್ ಮುಂದುವರಿಸುತ್ತಾಳೆ, ಅನ್ವಯ ಇದೆ, ಸರಪಳಿ ಇದೆ, ತೀರ್ಪು ಇದೆ, ಇದಕ್ಕಿಂತ ಗಟ್ಟಿ ಉತ್ತರ ನಾನು ಈ ವರ್ಷ ನೋಡಿಲ್ಲ, ನೋಡಿ, ಇವತ್ತು ನಾಲ್ಕು ಗಂಟೆಯೊಳಗೆ ಹದಿನೆಂಟು ಒಪ್ಕೊಂಡ್ರೆ ಬೀಗ ತೆಗೀತೀನಿ, ಇಲ್ಲಾಂದ್ರೆ ನಿಮ್ಮ ಪತ್ರಿಕೆಗಳೆಲ್ಲ ಬೇರೆಯವರಿಗೆ ಹೋಗತ್ತೆ, ನಂಗೂ ಬೇಜಾರು, ತಕರಾರು ಏನಾದ್ರೂ ಇದ್ರೆ ಈಗಲೇ ಹೇಳ್ಬಿಡಿ. ಹೇಳು. ಈಗ ಹೇಳು. ಹೇಳಿದರೆ ಹದಿನಾಲ್ಕು ವರ್ಷದ ಮೌಲ್ಯಮಾಪನ ಇವತ್ತಿಗೆ ಮುಗಿಯಿತು, ಶಾಲೆಗೆ ಕಾಗದ ಹೋಗುತ್ತದೆ, ಸೂಚಿಯನ್ನೆಲ್ಲ ತಿದ್ದಬೇಕು, ಹೋಲ್ಡ್ರಾಯ್ಡ್ ಬರೆದ ಸಾವಿರ ಮಕ್ಕಳ ಅಂಕ ಏನಾಗುತ್ತದೋ, ಅದು ಅವರ ತಪ್ಪಲ್ಲ — ಆಹಾ, ಮಕ್ಕಳ ನೆಪ ಎಷ್ಟು ಬೇಗ ನೆನಪಿಗೆ ಬಂತು ನೋಡು, ಉಂಗುರಬೆರಳು ತಾನಾಗಿಯೇ ಎದ್ದು ನಿಂತಿತು, ಆದರೆ, ಆದಾಗ್ಯೂ, ಇನ್ನೊಂದು ದೃಷ್ಟಿಯಿಂದ. ಅಮ್ಮ ನೋಡುತ್ತಿದ್ದಾಳೆ. ಲೊರೇನ್ ಅವ್ರೇ, ಇದ್ದೀರಾ. ತುಟಿ ತೆರೆಯಬೇಕು ಅಷ್ಟೇ, ನಾಲಿಗೆ ಎತ್ತಬೇಕು ಅಷ್ಟೇ. ಅವಳ ಬಾಯಲ್ಲಿ ಏನೂ ಇರಲಿಲ್ಲ. ಸರಿ, ತಕರಾರಿಲ್ಲ ಅಂತ ಬರ್ಕೋತೀನಿ, ಬೆಥನ್ ಅಂದಳು, ತುಂಬಾ ಥ್ಯಾಂಕ್ಸ್, ನೀವು ಅರ್ಥ ಮಾಡ್ಕೋತೀರಾ ಅಂತ ಗೊತ್ತಿತ್ತು.

ಪರದೆಯ ಬೂದು ಕರಗಿತು, ಒಂಬತ್ತು ಇದ್ದಲ್ಲಿ ಒಂದು ಖಾಲಿ ಚೌಕ ಮಿಣುಕುತ್ತಿದೆ, ಲೊರೇನ್ ಒಂದು ಒತ್ತಿದಳು, ಎಂಟು ಒತ್ತಿದಳು, ಚೌಕ ಹಸಿರಾಯಿತು. ಅಮ್ಮ ಕಪ್ಪನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದಳು, ನೀರು ಬಿಸಿಯಾಗಲಿ ಅಂತ ಬೆರಳು ಕೆಳಗಿಟ್ಟು ಕಾದಳು, ಆ ಬೆರಳು ಈಗಲೂ ಚುರುಕು, ತುದಿಯಲ್ಲಿ ಸೂಜಿ ಚುಚ್ಚಿದ ಹಳೆಯ ಗಟ್ಟಿ ಚರ್ಮ. ಯಾರೇ ಅದು. ಕೆಲಸದ ಕಡೆಯವಳು ಅಮ್ಮ, ಕಾರ್ಡಿಫ್‌ನವಳು. ಹೋಲ್ಡ್ರಾಯ್ಡ್ ಅಂದ ಹಾಗಾಯ್ತು. ಹೂಂ. ಯಾರು ಕೇಕ್ ಕೊಟ್ಟದ್ದು. ಯಾರೂ ಕೊಟ್ಟಿಲ್ಲಮ್ಮ, ಮಗು ಬರೆದಿದೆ. ಆ ಮನುಷ್ಯ ನಮಗೆ ಕೊನೇ ದಿನ ಒಂದು ಲೋಟ ಚಹಾ ಕೂಡ ಕೊಡ್ಲಿಲ್ಲ ಕಣೇ, ನಾವು ಅವನಿಗೆ ಕೇಕ್ ಮಾಡಿ ಕೊಡ್ತೀವಾ, ನಮ್ಮ ಬೆಂಚಿನ ಡೋರಿಸ್ ಇದ್ದಿದ್ರೆ ಇಲಿಪಾಷಾಣ ಹಾಕಿ ಕೊಡ್ತಿದ್ಲು. ಸಂತೋಷದಿಂದ ಅಂದ್ಲಲ್ಲ, ಅದನ್ನ ಆ ಮಗೂಗೆ ಯಾರು ಹೇಳಿಕೊಟ್ರು. ಈಗ. ಬೆಥನಳಿಗೆ ಹೇಳಲಾಗದ್ದನ್ನು ಈಕೆಗೆ ಹೇಳಿಬಿಡು, ಇಲ್ಲಿ ಸೂಚಿ ಇಲ್ಲ, ಬೀಗ ಇಲ್ಲ, ಕಾಗದ ಹೋಗುವ ಕಡೆ ಇಲ್ಲ, ನಲ್ಲಿ ಸುರಿಯುತ್ತಿದೆ, ನಾನೇ ಅಮ್ಮ ಅಂದರೆ ಎರಡೇ ಪದ. ಪುಸ್ತಕದಲ್ಲಿ ಇರಬೇಕು ಅಂದಳು. ಯಾವ ಪುಸ್ತಕ. ಯಾವುದೋ, ಗೊತ್ತಿಲ್ಲ, ಎಲ್ಲಾ ಮಕ್ಕಳೂ ಅದನ್ನೇ ಓದ್ತಾವೆ. ತನ್ನ ದನಿ ತನಗೇ ಕೇಳಿಸಿತು, ತರಗತಿಯ ದನಿ, ಒಣ, ನೆಟ್ಟಗಿನ ದನಿ, ಹೇಸಿಗೆ, ಕಪ್ಪಿನ ತಳದಲ್ಲಿ ಕೂತ ಪಾಚಿಯ ಹಾಗೆ ನಾಲಿಗೆಯ ಬುಡಕ್ಕೆ ಅಂಟಿದ ಹೇಸಿಗೆ. ಅಮ್ಮ ಕಪ್ಪು ತೊಳೆದಳು, ಒರೆಸಿದಳು, ಅದರ ಕಿವಿಯನ್ನು ಬೇರೆಯಾಗಿ ಒರೆಸಿದಳು. ಹನ್ನೆರಡು ಗುಂಡಿ ಕಣೇ, ಉಗುಳೋಕೂ ಹೊತ್ತು ಬೇಕಲ್ಲ, ಅಂಗೈಗೆ ಉಗುಳ್ಕೋಬೇಕಿತ್ತು, ನಂಗೆ ಹೊಳೀಲಿಲ್ಲ, ಅವನು ಇಳಿದು ಹೋದ ಮೇಲೆ ಹೊಳೀತು, ಅಮ್ಮ ಅಂದದ್ದು ಕಿಟಕಿಗೆ, ಲೊರೇನಳಿಗಲ್ಲ. ಆಮೇಲೆ ಇತ್ತ ತಿರುಗಿ, ಎಷ್ಟು ಕೊಟ್ಟೆ ಮಗೂಗೆ. ಹದಿನೆಂಟು. ಎಷ್ಟಕ್ಕೆ. ಇಪ್ಪತ್ತಕ್ಕೆ. ಅಷ್ಟು ಚೆನ್ನಾಗಿ ಬರ್ದಿದ್ಯಾ. ಚೆನ್ನಾಗಿ ಬರೆದಿದೆ ಅಮ್ಮ. ಹಂಗಾದ್ರೆ ಸರಿ ಬಿಡು ಅಂದಳು ಅಮ್ಮ, ಚೆನ್ನಾಗಿ ಬರ್ದಿದ್ರೆ ಕೊಡ್ಲೇಬೇಕು, ಅಂದು ಹೋದಳು, ಕುರ್ಚಿಯ ಸ್ಪ್ರಿಂಗು ಕಿರುಗುಟ್ಟಿತು, ಟಿವಿಯ ಸದ್ದು ಜೋರಾಯಿತು, ಮೂರನೆಯ ಓಟ, ಟಿಕ್ ಕೇಳಿಸಲಿಲ್ಲ, ಪೆಪ್ಪರ್‌ಮಿಂಟು ನುಂಗಿಬಿಟ್ಟಳೋ, ಇನ್ನೂ ಕೆನ್ನೆಯಲ್ಲೇ ಇಟ್ಟುಕೊಂಡಿದ್ದಾಳೋ.

ಹೊಸ ಪತ್ರಿಕೆ ತಾನಾಗಿ ಬಂತು, ದುಂಡನೆಯ ಅಕ್ಷರ, ನೀಲಿ ಶಾಯಿ, ಈ ಮಗು ಕೈ ಬಿಡಿಸಿಲ್ಲ, ಒಂದು ಗಳಿಗೆ ಲೊರೇನಳಿಗೆ ಹಗುರವಾಯಿತು, ಓದುತ್ತಾ ಹೋದಳು, ಸಂಬಳ ಇಳಿಸಿದರೆ ಖರ್ಚು ಇಳಿಯುತ್ತದೆ, ಇದರಿಂದ, ಇದರಿಂದ, ಇದರಿಂದ, ಮೂರು, ಆದಾಗ್ಯೂ, ನುರಿತ ಹೊಲಿಗೆಯವರು ಬಿಟ್ಟುಹೋಗಬಹುದು, ಸರಿ, ಒಳ್ಳೆಯದು, ಎರಡನೆಯ ಪುಟದ ನಡುವಿನಲ್ಲಿ, ಉದಾಹರಣೆಗೆ — ಉದಾಹರಣೆಗೆ ಅನ್ನುವಲ್ಲಿ ಅವಳ ಕಣ್ಣು ಮುಂದಕ್ಕೆ ಹೋಗಲೊಲ್ಲದು, ಮುಂದೆ ಬರುವ ಹೆಸರು ಗೊತ್ತು, ಅದರ ಮುಂದಿನ ಪದ ಗೊತ್ತು, ಅದಕ್ಕೆ ಎಷ್ಟು ಕೊಡಬೇಕೆಂದು ಗೊತ್ತು, ಬೆರಳು ಆಗಲೇ ಒಂದರ ಮೇಲೆ ಕೂತಿದೆ, ಎಂಟರ ಕಡೆಗೆ ಬಾಗಿದೆ, ಮತ್ತೆ ಆ ಸಂಜೆಯ ಊಟದ ಮೇಜು, ಅಪ್ಪ ಏನೋ ಕೇಳುತ್ತಿದ್ದಾನೆ, ಯಾರೂ ಉಣ್ಣುತ್ತಿಲ್ಲ, ಅವಳು ಥೂ ಅಂದದ್ದಕ್ಕೆ ಅಮ್ಮ ಬಯ್ಯಲಿಲ್ಲ, ತಟ್ಟೆಯನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಳು ಅಷ್ಟೇ, ಗ್ರೇವಿ ಆರುತ್ತಿದೆ, ಮೇಲೆ ತೆಳುವಾಗಿ ಕೆನೆಗಟ್ಟುತ್ತಿದೆ, ಕೆನೆ ಅಂಚಿನವರೆಗೂ ಬಂದು ನಿಂತಿದೆ, ಅಲ್ಲಿ ಗುಂಡಿ, ಬಿಳಿಯದು, ನಾಲ್ಕು ತೂತಿನದು, ಒದ್ದೆ, ನಾಲ್ಕು ತೂತಿನಲ್ಲೂ ಎಂಜಲು ತುಂಬಿ ಹೊಳೆಯುತ್ತಿದೆ, ಗುಂಡಿ, ತಟ್ಟೆಯ ಅಂಚಿನಲ್ಲಿ, ಗುಂಡಿ —